ಕತ್ತರಿ ಹಾಕುವ ಮೊದಲು

ಶಿರಸಿ

ಪ್ರೀತಿಯ ಕೂಸೇ,

ಆಶೀರ್ವಾದ. ಹಳೆ ಬಟ್ಟೆಯಿಂದ ಹೊಸ ಉಡುಪು ಮಾಡುವ ಪ್ರಾಜೆಕ್ಟ್ ತಗೊಂಡಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ತುಂಬಾ ಖುಷಿಯಾಯ್ತು. ಅಜ್ಜಿಯ ಪೆಟ್ಟಿಗೆಯ ಸೀರೆಗಳನ್ನು ಕಳಿಸುತ್ತೇನೆ. ಆದರೆ ಕತ್ತರಿ ಹಿಡಿಯುವ ಮೊದಲು ನನ್ನ ಮಾತು ಸ್ವಲ್ಪ ಕೇಳು.

ಇನ್ನೂ ಉಡಲು ಬರುವ ಸೀರೆಯನ್ನು ಕತ್ತರಿಸಬೇಡ. ಉಟ್ಟು ಉಟ್ಟು ಸೋತ ಬಟ್ಟೆಗೆ ಮತ್ತೆ ಜೀವ ಕೊಡು, ಅದೇ ನಿನ್ನ ಕೆಲಸ. ಡಿಸೈನ್ ಚೆನ್ನಾಗಿ ಬರಲಿ ಅಂತ ಗಟ್ಟಿ ಸೀರೆ ಹಾಳು ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಯಾವುದು ಸೋತಿದೆ ಅಂತ ತಿಳಿಯಲು ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡು. ಹತ್ತಿ ಸೀರೆಯಲ್ಲಿ ಕೂರುವ ಜಾಗ ಮೊದಲು ತೆಳ್ಳಗಾಗುತ್ತದೆ, ಸೆರಗು ಹೆಚ್ಚಾಗಿ ಗಟ್ಟಿ ಉಳಿದಿರುತ್ತದೆ. ರೇಷ್ಮೆ ಹಾಗಲ್ಲ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟರೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡದ ಎಳೆ) ಎರಡೂ ಕಡೆ ಮೆಲ್ಲಗೆ ಎಳೆದು ನೋಡು. ಚರ್ ಅಂದರೆ ಅದರಲ್ಲಿ ಮೈಗಂಟುವ ರವಿಕೆ ಹೊಲಿಯಬೇಡ, ತೋಳು ಎತ್ತಿದ ಕೂಡಲೇ ಹರಿಯುತ್ತದೆ. ಸಡಿಲವಾದ ಕಡೆ, ಒಳಗೆ ಲೈನಿಂಗ್ ಕೊಟ್ಟು ಬಳಸು.

ಲೈನಿಂಗ್ ಅಂದಾಗ ನೆನಪಾಯ್ತು. ಹಳೆ ಹತ್ತಿ ಬಟ್ಟೆ ಎಷ್ಟೋ ಸಲ ಒಗೆಸಿಕೊಂಡು ಆಗಲೇ ಕುಗ್ಗಿರುತ್ತದೆ. ಅಂಗಡಿಯಿಂದ ತಂದ ಲೈನಿಂಗ್ ಇನ್ನೂ ಕುಗ್ಗಿರುವುದಿಲ್ಲ. ಎರಡನ್ನೂ ಹಾಗೇ ಸೇರಿಸಿದರೆ ಮೊದಲ ಒಗೆತಕ್ಕೇ ಹೊಲಿಗೆಯೆಲ್ಲ ಮುದುಡಿಕೊಳ್ಳುತ್ತದೆ. ಹೊಸದನ್ನು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸು. ಬಣ್ಣ ಬಿಡುತ್ತದೋ ಅಂತ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡು. ರೇಷ್ಮೆಗೆ ಅಂಟುವಾಳದ ನೀರು ಸಾಕು. ನಮ್ಮ ಮಳೆಗಾಲದಲ್ಲಿ ಬೂಸಲು ಹಿಡಿದು ಕಪ್ಪು ಚುಕ್ಕೆ ಬಿದ್ದ ಜಾಗ ಇದ್ದರೆ ಅದರ ಆಸೆ ಬಿಡು, ಅಲ್ಲಿ ನೂಲೇ ಸತ್ತಿರುತ್ತದೆ.

ಇನ್ನೊಂದು ಮಾತು. ಹಳೆ ಬಟ್ಟೆಯ ಕೆಲಸಕ್ಕೆ ಎಲ್ಲೆಲ್ಲೋ ಹುಡುಕುತ್ತೀಯಲ್ಲ, ಹಳಿಯಾಳ, ಯಲ್ಲಾಪುರದ ಸಿದ್ದಿ ಸಮುದಾಯದ ಹೆಂಗಸರು ಹಳೆ ಬಟ್ಟೆಯ ತುಂಡು ಸೇರಿಸಿ ಹೊಲಿಯುವ ಹೊದಿಕೆ, ಕೌದಿ, ನೋಡಿದ್ದೀಯಾ? ಹಳೆ ಸೀರೆಯನ್ನು ಅಡಿಗೆ ಹಾಸಿ, ಒಂದು ಮೂಲೆಯಿಂದ ಶುರು ಮಾಡುತ್ತಾರೆ. ತುಂಡಿನ ಅಂಚು ಮಡಚುತ್ತಾ, ಹೊರಗಿನಿಂದ ನಡುವಿನ ಕಡೆಗೆ ಸುತ್ತುತ್ತಾ ಹೋಗುತ್ತಾರೆ. ಕಾಗದದ ಮೇಲೆ ಡಿಸೈನ್ ಬರೆದುಕೊಳ್ಳುವುದಿಲ್ಲ, ಕೈಗೆ ಸಿಕ್ಕ ತುಂಡೇ ಮುಂದಿನ ಬಣ್ಣ ಹೇಳುತ್ತದೆ. ಮೂಲೆಗಳಿಗೆ ಪುಟ್ಟ ತುಂಡು ಮಡಚಿ ಹೂವು ಕೂರಿಸುತ್ತಾರೆ. ಸಾಲು ಸಾಲಾಗಿ ಹೋಗುವ ಆ ದಾರದ ಹೊಲಿಗೆಯೇ ಪದರಗಳನ್ನು ಹಿಡಿದಿಡುತ್ತದೆ. ತೆಳ್ಳಗಾದ ಬಟ್ಟೆ ಗಟ್ಟಿಯಾಗುವುದು ಹಾಗೆ. ಫೋಟೋ ನೋಡಿ ಮೆಷಿನ್‌ನಲ್ಲಿ ನಕಲು ಮಾಡಬೇಡ. ಹೋಗಿ ಪಕ್ಕದಲ್ಲಿ ಕೂತು ಕಲಿ. ಅವರ ಸಮಯಕ್ಕೆ ದುಡ್ಡು ಕೊಡು. ಅವರು ಒಪ್ಪಿದರೆ ವರದಿಯಲ್ಲಿ ಅವರ ಹೆಸರು ಬರಿ. ಇದರಲ್ಲಿ ಮಾತ್ರ ನಾನು ಬಿಟ್ಟುಕೊಡುವುದಿಲ್ಲ.

ಮಾಡಿದ ಉಡುಪನ್ನು ಒಪ್ಪಿಸುವ ಮೊದಲು ನೀನೇ ಹಾಕಿಕೊಂಡು ಬಸ್ಸಿನಲ್ಲಿ ಓಡಾಡು, ಒಗೆ, ಮತ್ತೆ ಹಾಕಿಕೋ. ಎಲ್ಲಿ ಬಿಚ್ಚಿತು ಅಂತ ಬರೆದಿಡು. ಮಾರ್ಕು ಕೊಡುವವರಿಗೂ ಅದನ್ನೇ ತೋರಿಸು, ಸುಮ್ನೆ ಬೊಂಬೆಗೆ ತೊಡಿಸಿ ನಿಲ್ಲಿಸಬೇಡ.

ಪಾರ್ಸೆಲ್‌ನಲ್ಲಿ ಒಂದು ಇಳಕಲ್ ಸೀರೆ ಇದೆ. ಮೈ ಪೂರ್ತಿ ಸವೆದಿದೆ, ಕೆಂಪು ಸೆರಗು ಚೆನ್ನಾಗಿದೆ. ಮೈಯ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಸೇರಿಸಿದ ಜಾಗ ಬೆರಳಿಗೆ ಸಿಗುತ್ತದೆ. ಅದರಿಂದ ಒಂದು ಗೇಣು ಮೈಯ ಕಡೆಗೆ ಬಿಟ್ಟು ಕತ್ತರಿಸು, ಕೊಂಡಿ ಸೆರಗಿನ ಜೊತೆಗೇ ಉಳಿಯಲಿ.

ನಿನ್ನ
ಅತ್ತೆ