ಧ್ಯಾನ ಪಾಳಿಯೊಳಗೋ, ಹೊರಗೋ?

ಹಾಸನ

ಪ್ರೀತಿಯ ಮಗಳೇ,

ನಿಮ್ಮ ರೆಸಾರ್ಟಿನಲ್ಲಿ ಬೆಳಿಗ್ಗೆ ಆರಕ್ಕೆ ಸಿಬ್ಬಂದಿಗೆಲ್ಲ ಧ್ಯಾನ ಶುರುವಾಗಿದೆ, ರಾತ್ರಿ ಪಾಳಿ ಮುಗಿಸಿದವರೂ ಕಣ್ಣುಜ್ಜಿಕೊಂಡು ಬಂದು ಕೂರಬೇಕು ಎಂದು ಬರೆದಿದ್ದೀಯ. ದಿನಾ ದೇವರ ಮುಂದೆ ಕೂರುವ ಅಮ್ಮನಿಗೆ ಇದು ಸರಿ ಕಾಣಬಹುದು ಎಂದುಕೊಂಡೆಯೇನೋ. ನಾನು ಕೂರುವುದು ನಿಜ, ಆದರೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಕೂರುವುದಿಲ್ಲ.

ನೀನು ಕಳಿಸಿದ ತರಬೇತಿಯ ಟಿಪ್ಪಣಿ ಓದಿದೆ. ಆಶ್ಮೋಸ್ ಮತ್ತು ಡುಶಾನ್ ಎಂಬ ಸಂಶೋಧಕರು 2000ದಲ್ಲಿ ಕೆಲಸದ ಜಾಗದ ಅಧ್ಯಾತ್ಮಕ್ಕೆ ಮೂರು ಅಂಗ ಹೇಳಿದರಂತೆ: ಒಳಬದುಕು, ಅರ್ಥವಿರುವ ಕೆಲಸ, ಜೊತೆಗಿರುವ ಬಳಗ. ಚೆನ್ನಾಗಿದೆ. ನಿಮ್ಮ ಮ್ಯಾನೇಜರು ಮೊದಲನೆಯದನ್ನು ಮಾತ್ರ ಹಿಡಿದುಕೊಂಡಿದ್ದಾರೆ. ಅದಕ್ಕೆ ಖರ್ಚಿಲ್ಲ, ಒಂದು ಜಮಖಾನ ಹಾಸಿದರೆ ಮುಗಿಯಿತು.

ಹೊರನಾಡಿನ ಅನ್ನಪೂರ್ಣೇಶ್ವರಿ ಗುಡಿಯಲ್ಲಿ ಊಟ ಬಡಿಸುವವರನ್ನು ನೋಡಿದ್ದೀಯಲ್ಲ. ಸಾರಿನ ಬಕೆಟ್ಟು ಹಿಡಿದು ಓಡುವ ಅವರಿಗೆ ಯಾರ ಮುಖ ನೋಡಲೂ ಪುರುಸೊತ್ತಿಲ್ಲ, ಅನ್ನ ಮುಗಿದವರು ಮಾತ್ರ ತಪ್ಪದೆ ಕಣ್ಣಿಗೆ ಬೀಳುತ್ತಾರೆ. ನಗು ಬಂದರೆ ನಗುತ್ತಾರೆ, ಇಲ್ಲದಿದ್ದರೆ ಇಲ್ಲ. ನಿನಗೆ ಆ ಅನುಕೂಲವಿಲ್ಲ. ನಿನ್ನ ಸಂಬಳದಲ್ಲಿ ನಗುವೂ ಸೇರಿದೆ. ಗಗನಸಖಿಯರ ಕೆಲಸವನ್ನು ಗಮನಿಸಿದ ಹಾಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ, ಹೀಗೆ ಮನಸ್ಸನ್ನು ಹದದಲ್ಲಿಟ್ಟುಕೊಳ್ಳುವುದೂ ದುಡಿಮೆಯೇ ಎಂದು 1983ರಲ್ಲೇ ಹೇಳಿದ್ದು ಅದೇ ಟಿಪ್ಪಣಿಯ ಕೊನೆಯ ಪುಟದಲ್ಲಿದೆ. ಆ ಪುಟವನ್ನು ಯಾರೂ ಓದಿದಂತಿಲ್ಲ.

ಕೂಗಾಡಿದ ಅತಿಥಿಗೆ ಕೈಮುಗಿದು ನಕ್ಕು, ಆಮೇಲೆ ಸ್ಟೋರ್ ರೂಮಿನಲ್ಲಿ ಅತ್ತುಬಿಟ್ಟೆ ಎಂದಿದ್ದೆ. ಆಗ ಹೌಸ್‌ಕೀಪಿಂಗಿನ ಅಕ್ಕ ಏನೂ ಕೇಳದೆ ಒಗೆದ ಬೆಡ್‌ಶೀಟಿನ ಎರಡು ತುದಿಗಳನ್ನು ನಿನ್ನ ಕೈಗೆ ಕೊಟ್ಟರು, ರಾಶಿ ಮುಗಿಯುವವರೆಗೆ ಇಬ್ಬರೂ ಮಡಿಸಿದಿರಿ. ಮೂರನೆಯ ಅಂಗ ನಿಮ್ಮಲ್ಲಿ ಆಗಲೇ ಇದೆ, ಅದನ್ನು ಕಲಿಸಲು ಯಾರೂ ಬರಬೇಕಾಗಿಲ್ಲ.

‘ಕಾಯಕವೇ ಕೈಲಾಸ’ ಎಂದು ಊಟದ ಕೋಣೆಯ ಗೋಡೆಗೆ ಬರೆಸಿದ್ದಾರಂತೆ. ಬರೆಸಲಿ. 12ನೇ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ನಡೆಸಿದ ಮಾರಯ್ಯ, ಕಾಯಕದಲ್ಲಿ ತೊಡಗಿದಾಗ ಗುರುದರ್ಶನವನ್ನೂ ಮರೆಯಬೇಕು ಎಂದವನು. ಅವನು ಒಮ್ಮೆ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಹಿಂದಕ್ಕೆ ಸುರಿದು ಬಾ ಎಂದು ಕಳಿಸಿದಳು. ಬೇಕಾದಷ್ಟೇ ತೆಗೆದುಕೊಳ್ಳಬೇಕೆಂಬ ಆ ಕಟ್ಟಳೆ ದುಡಿಸಿಕೊಳ್ಳುವ ಧಣಿಗೂ ಸಲ್ಲುತ್ತದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವಾರಕ್ಕೆ 48 ಗಂಟೆ ಎನ್ನುತ್ತದೆ, ಮೀರಿದರೆ ಇಮ್ಮಡಿ ಕೂಲಿ. ಧ್ಯಾನದ ಹೊತ್ತು ಪಾಳಿಯೊಳಗೋ ಹೊರಗೋ ಎಂದು ಮೆತ್ತಗೆ ಕೇಳು. ಒಬ್ಬಳೇ ಹೋಗಬೇಡ, ಆ ಅಕ್ಕನನ್ನೂ ಅಡುಗೆಮನೆಯವರನ್ನೂ ಜೊತೆಗೆ ಕರೆದುಕೋ. ಪಾಳಿಯೊಳಗೆ ಎಂದರೆ ಹೋಗಿ ಕೂರು, ಅದರಿಂದ ನಷ್ಟವೇನಿಲ್ಲ.

ಹಾಸನಾಂಬೆಯ ಬಾಗಿಲು ತೆರೆಯುವ ಹೊತ್ತಿಗೆ ರಜೆ ಸಿಗುತ್ತದೆಯೇ ನೋಡು. ದೀಪಾವಳಿಗೆ ನಿಮ್ಮಲ್ಲಿ ರೂಮುಗಳೆಲ್ಲ ಭರ್ತಿ ಎಂದು ಗೊತ್ತು. ಆಗದಿದ್ದರೆ ಹೇಳು, ನಾನೇ ಚಿಕ್ಕಮಗಳೂರಿನ ಬಸ್ಸು ಹತ್ತುತ್ತೇನೆ.

ನಿನ್ನ,
ಅಮ್ಮ