ಬರೀ ಗೊರಕೆ ಅಂತ ಫೈಲ್ ಪಕ್ಕಕ್ಕಿಡಬೇಡಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ಸುತ್ತಿ ಬಳಸಿ ಹೇಳುವುದಿಲ್ಲ. ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಪದೇ ಪದೇ ಉಸಿರು ಕಟ್ಟುವ ಕಾಯಿಲೆ ಇದ್ದು, ಗಾಳಿ ಊದಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಮಶೀನಿನ ಮಾಸ್ಕ್ ಹಾಕಿಕೊಂಡು ಮಲಗಲು ಏನು ಮಾಡಿದರೂ ಆಗದವರಿಗೆ ನಾಲಿಗೆಯ ನರಕ್ಕೆ ಕೂರಿಸುವ ಇಂಪ್ಲಾಂಟ್ ಅನ್ನು ಸರ್ಕಾರಿ ಆರೋಗ್ಯ ವಿಮೆಗೆ ಸೇರಿಸಿ. ಎಲ್ಲರಿಗೂ ಕೊಡಿ ಅಂತ ನಾನು ಕೇಳುತ್ತಿಲ್ಲ.

"ಗೊರಕೆಗೂ ಆಪರೇಷನ್ನಾ?" ಅಂತ ನಿಮ್ಮ ಇಲಾಖೆಯಲ್ಲಿ ಯಾರಾದರೂ ನಗಬಹುದು. ಗೊರಕೆ ಹೊರಗೆ ಕೇಳುವ ಸದ್ದು ಅಷ್ಟೇ. ನಿದ್ದೆ ಹತ್ತಿದ ಮೇಲೆ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ, ನಾಲಿಗೆ ಹಿಂದಕ್ಕೆ ಸರಿದು ಉಸಿರಿನ ದಾರಿ ಮುಚ್ಚುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಅರೆ ಎಚ್ಚರ ಮಾಡಿಸುತ್ತದೆ, ಮತ್ತೆ ನಿದ್ದೆ, ಮತ್ತೆ ಅದೇ ಕಥೆ. ಕಾಯಿಲೆ ತೀವ್ರವಾಗಿದ್ದರೆ ಗಂಟೆಗೆ 30 ಸಲ ಅಥವಾ ಅದಕ್ಕೂ ಜಾಸ್ತಿ. ಇದರಿಂದ ಬಿಪಿ ಏರುತ್ತದೆ. ಹಗಲೆಲ್ಲ ತೂಕಡಿಕೆ. ಅಂಥವರು ಸ್ಟೀರಿಂಗ್ ಹಿಡಿದರೆ ರಸ್ತೆಯಲ್ಲಿರುವ ಎಲ್ಲರಿಗೂ ಅಪಾಯ ಅಲ್ವಾ?

ಸಿಪ್ಯಾಪ್ 1981ರಿಂದ ಇದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮೊದಲ ಚಿಕಿತ್ಸೆ ಅದೇ ಇರಲಿ. ಆದರೆ ಮುಖದ ಮೇಲೆ ಇದ್ದರೆ ತಾನೇ ಕೆಲಸ ಮಾಡುವುದು? ಗಾಳಿ ಸೋರುತ್ತದೆ, ಮೂಗು ಒಣಗುತ್ತದೆ, ಕೆಲವರಿಗೆ ಉಸಿರು ಕಟ್ಟಿದ ಹಾಗಾಗಿ ಮಧ್ಯರಾತ್ರಿ ಕಿತ್ತು ಬಿಸಾಡುತ್ತಾರೆ. ಬೇರೆ ಅಳತೆಯ ಮಾಸ್ಕ್ ಕೊಟ್ಟು, ಒತ್ತಡ ಸರಿಪಡಿಸಿದರೆ ಇವರಲ್ಲಿ ಒಂದಷ್ಟು ಜನ ಮತ್ತೆ ಬಳಸುತ್ತಾರೆ. ಹಾಗಾಗಿ ಮೊದಲು ಆ ಸಹಾಯಕ್ಕೆ ದುಡ್ಡು ಕೊಡಿ. ಮಶೀನ್ ಕೈಗಿಟ್ಟು ಕಳಿಸಿ, ಆಮೇಲೆ "ರೋಗಿ ಸಹಕರಿಸಲಿಲ್ಲ" ಅಂತ ಬರೆದುಬಿಡುವುದು ನ್ಯಾಯವಲ್ಲ.

ಅದಾದ ಮೇಲೂ ಆಗದವರಿಗೇ ಈ ಇಂಪ್ಲಾಂಟ್. ಹೆಚ್ಚು ಬಳಕೆಯಲ್ಲಿರುವ ಮಾದರಿಯಲ್ಲಿ, ಪೇಸ್‌ಮೇಕರ್‌ನಂಥ ಪುಟ್ಟ ಸಾಧನವನ್ನು ಎದೆಯ ಮೇಲ್ಭಾಗದಲ್ಲಿ ಚರ್ಮದಡಿ ಇಡುತ್ತಾರೆ. ಅದರಿಂದ ಒಂದು ವೈರ್ ನಾಲಿಗೆಯನ್ನು ಆಡಿಸುವ ಹೈಪೊಗ್ಲಾಸಲ್ ನರಕ್ಕೆ ಹೋಗುತ್ತದೆ. ಮಲಗುವಾಗ ರಿಮೋಟ್ ಒತ್ತಿದರೆ ಸಾಕು. ಉಸಿರಿನ ಲಯಕ್ಕೆ ತಕ್ಕಂತೆ ಅದು ನಾಲಿಗೆಯನ್ನು ಮುಂದಕ್ಕೆ ತಳ್ಳಿಸುತ್ತದೆ. ಔಷಧ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ 2014ರಲ್ಲೇ ಒಪ್ಪಿಗೆ ಕೊಟ್ಟಿದೆ. ಅದೇ ವರ್ಷ ಪ್ರಕಟವಾದ 126 ಜನರ ಅಧ್ಯಯನದಲ್ಲಿ, ಗಂಟೆಗೆ ಉಸಿರು ಕಟ್ಟುವ ಅಥವಾ ಕುಗ್ಗುವ ಲೆಕ್ಕದ ಮಧ್ಯಮ ಅಂಕಿ ಒಂದು ವರ್ಷದಲ್ಲಿ 29.3ರಿಂದ 9ಕ್ಕೆ ಇಳಿಯಿತು. ಆದರೂ ಸುಮಾರು ಮೂರನೇ ಒಂದು ಭಾಗದಷ್ಟು ಜನ ಅಂದುಕೊಂಡ ಗುರಿ ಮುಟ್ಟಲಿಲ್ಲ. ಮಾರುವವರು ಇದನ್ನು ಜೋರಾಗಿ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಹಾಗಾಗಿ ಆಯ್ಕೆಯಲ್ಲಿ ಸಡಿಲ ಬೇಡ. ರೋಗಿಗೆ ನಿದ್ದೆಯ ಮದ್ದು ಕೊಟ್ಟು, ಗಂಟಲೊಳಗೆ ಕ್ಯಾಮೆರಾ ಬಿಟ್ಟು ದಾರಿ ಹೇಗೆ ಮುಚ್ಚುತ್ತಿದೆ ಅಂತ ನೋಡುತ್ತಾರೆ. ಅಂಗುಳಿನ ಹತ್ತಿರ ಸುತ್ತಲಿಂದಲೂ ಪೂರ್ತಿ ಕುಸಿಯುತ್ತಿದ್ದರೆ ಸಾಮಾನ್ಯವಾಗಿ ಈ ಸಾಧನ ಹಾಕುವುದಿಲ್ಲ. ಈ ಪರೀಕ್ಷೆಯ ಖರ್ಚೂ ವಿಮೆಯಲ್ಲಿ ಬರಲಿ.

ಇನ್ನೊಂದು ಮಾತು. ಆಪರೇಷನ್ ದಿನದ ಬಿಲ್ ಕಟ್ಟಿ ಕೈತೊಳೆದುಕೊಳ್ಳಬೇಡಿ. ಸಾಧನವನ್ನು ಆನ್ ಮಾಡುವುದು ಗಾಯ ಮಾಗಿದ ಮೇಲೆ, ಸುಮಾರು ಒಂದು ತಿಂಗಳಿಗೆ. ಆಮೇಲೆ ಕರೆಂಟಿನ ಮಟ್ಟವನ್ನು ಸ್ವಲ್ಪ ಸ್ವಲ್ಪವೇ ಹೊಂದಿಸಬೇಕು, ಮತ್ತೆ ಸ್ಲೀಪ್ ಸ್ಟಡಿ (ನಿದ್ದೆಯಲ್ಲಿ ಉಸಿರಾಟ ಅಳೆಯುವ ಪರೀಕ್ಷೆ) ಮಾಡಬೇಕು, ಹತ್ತು ಹನ್ನೊಂದು ವರ್ಷಕ್ಕೆ ಬ್ಯಾಟರಿ ಮುಗಿದರೆ ಇನ್ನೊಂದು ಆಪರೇಷನ್. ಆವತ್ತು ನೀವು ಮಂತ್ರಿಯಾಗಿರುತ್ತೀರೋ ಇಲ್ಲವೋ, ನಿಯಮ ಮಾತ್ರ ಈಗಲೇ ಲಿಖಿತವಾಗಿ ಇರಲಿ.

ಸಮಿತಿ ಮಾಡುವುದಾದರೆ ಡಾಕ್ಟರುಗಳ ಜೊತೆ, ಮಾಸ್ಕ್ ಹಾಕಿ ಸೋತವರನ್ನೂ ಒಂದಿಬ್ಬರನ್ನು ಕೂರಿಸಿ. ಕರೆದರೆ ನಾನೂ ಬರುತ್ತೇನೆ. ಸಭೆ ಬೆಳಿಗ್ಗೆ ಇಟ್ಟರೆ ಒಳ್ಳೇದು, ಮಧ್ಯಾಹ್ನ ಆದರೆ ತೂಕಡಿಸಿಬಿಡುತ್ತೇನೆ.

ಇಂತಿ,
ಮಾಸ್ಕ್ ಜೊತೆ ಏಗುತ್ತಿರುವ ಒಬ್ಬ ಮತದಾರ