ಗೆಳೆಯನಿಗೊಂದು ಪತ್ರ: ಬಜ್ಪೆಯಲ್ಲಿ ಇಳಿಯದೆ ಹೋದ ವಿಮಾನ

ಮಂಗಳೂರು

ಪ್ರೀತಿಯ ರಾಘವೇಂದ್ರ,

ಮುಂಬೈಯಿಂದ ಬಂದ ನಿನ್ನ ವಿಮಾನ ಬಜ್ಪೆಯಲ್ಲಿ ಇಳಿಯದೆ ಬೆಂಗಳೂರಿಗೆ ಹೋದದ್ದರಿಂದ ಉಡುಪಿಯ ಮದುವೆ ತಪ್ಪಿತೆಂದು ಬೇಸರದಿಂದ ಬರೆದಿದ್ದೀಯೆ. ಅಷ್ಟು ಅನುಭವಿ ಪೈಲಟ್‌ಗೆ ಮಳೆಯಲ್ಲಿ ಇಳಿಸಲು ಬಾರದೆ ಎಂದೂ ಕೇಳಿದ್ದೀಯೆ. ಅದೇ ವೃತ್ತಿಯಲ್ಲಿರುವ ನಾನು ಉತ್ತರಿಸದೆ ಇರಲಾರೆ.

ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯಲ್ಲಿದೆ. ಉದ್ದ 2,450 ಮೀಟರ್, ಅದರಾಚೆಗೆ ಕಣಿವೆ. ಮಳೆಗಾಲದಲ್ಲಿ ಕಡಲ ಕಡೆಯ ಮೋಡ ಆ ಗುಡ್ಡವನ್ನೇ ಮುಚ್ಚಿಬಿಡುವುದರಿಂದ, ಸ್ವಲ್ಪ ಹೊತ್ತಿಗೆ ಮೊದಲು ಕಾಣುತ್ತಿದ್ದ ರನ್‌ವೇ ನಾವು ಸಮೀಪಿಸುವಷ್ಟರಲ್ಲಿ ಮರೆಯಾಗಿರುತ್ತದೆ. ಎದುರಿನ ಗಾಜಿನ ಮೇಲೆ ನೀರು ಹರಿಯುತ್ತಿದ್ದರೆ ದೀಪಗಳು ಕದಡಿ ಹಿಗ್ಗಿದಂತೆ ತೋರುತ್ತವೆ. ಇರುವುದಕ್ಕಿಂತ ಎತ್ತರದಲ್ಲಿದ್ದೇವೆಂದು ಕಣ್ಣು ನಂಬಿಸುತ್ತದೆ, ಕೈ ವಿಮಾನವನ್ನು ಇನ್ನಷ್ಟು ಇಳಿಸಲು ಹೊರಡುತ್ತದೆ. ನಿಗದಿತ ಎತ್ತರಕ್ಕೆ ಬಂದಾಗಲೂ ರನ್‌ವೇಯಾಗಲಿ ಅದರ ದೀಪಗಳಾಗಲಿ ಕಾಣದಿದ್ದರೆ ಮತ್ತೆ ಮೇಲೇರಲೇಬೇಕು. ಕಂಡು ಇಳಿದರೂ, ನೀರು ನಿಂತಲ್ಲಿ ಚಕ್ರಗಳು ನೆಲ ಹಿಡಿಯದೆ ನೀರಿನ ಪದರದ ಮೇಲೆಯೇ ಜಾರಬಹುದು, ಆಗ ಬ್ರೇಕ್ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ.

2020ರ ಆಗಸ್ಟ್ 7ರಂದು ಕೋಯಿಕ್ಕೋಡಿನಲ್ಲಿ ಸುರಿಮಳೆಯ ನಡುವೆ, ಹಿಂದಿನಿಂದ ಬೀಸುವ ಗಾಳಿಯಲ್ಲಿ ಇಳಿದ ವಿಮಾನ, ರನ್‌ವೇಯ ಅರ್ಧದಷ್ಟು ದಾಟಿದ ಮೇಲೆ ನೆಲ ಮುಟ್ಟಿ ಕೊನೆಗೆ ಕಣಿವೆಗೆ ಉರುಳಿತು. ಅದರ ಕಮಾಂಡರ್‌ಗೆ ಹತ್ತು ಸಾವಿರ ಗಂಟೆಗೂ ಮಿಕ್ಕಿದ ಹಾರಾಟದ ಅನುಭವವಿತ್ತು. 2010ರ ಮೇ 22ರಂದು 158 ಜನರನ್ನು ಬಲಿ ತೆಗೆದುಕೊಂಡ ನಮ್ಮ ಬಜ್ಪೆಯ ದುರಂತದಲ್ಲಿಯೂ ಕಮಾಂಡರ್ ಅಷ್ಟೇ ಅನುಭವಿ. ಅಂದು ಹವಾಮಾನವೂ ಕೆಟ್ಟಿರಲಿಲ್ಲ, ಇಳಿಯದೆ ಮೇಲೇರೋಣ ಎಂದು ಸಹಪೈಲಟ್ ಹೇಳಿಯೂ ಇದ್ದರು. ಊರಿನ ಯಾರಿಗೂ ಮರೆಯಲಾಗದ ಆ ಬೆಳಗನ್ನು ನೆನಪಿಸಿದ್ದಕ್ಕೆ ಕ್ಷಮಿಸು.

ಇಂಥ ಮಳೆಯಲ್ಲಿ ಎಷ್ಟೋ ಸಲ ಇಳಿದಿದ್ದೇನೆ, ಇಂದೂ ಇಳಿದೇನು ಎಂಬ ಭರವಸೆ ಅನುಭವದಿಂದಲೇ ಹುಟ್ಟುತ್ತದೆ. ನಮ್ಮ ವೃತ್ತಿಯಲ್ಲಿ ನಾನು ಹೆಚ್ಚು ಹೆದರುವುದು ಅದಕ್ಕೇ. ಅದರ ಜೊತೆಗೆ ಹಿಂದೆ ಕುಳಿತವರ ಅಸಹನೆಯೂ ಸೇರಿದರೆ ನಿರ್ಧಾರ ಇನ್ನೂ ಕಷ್ಟವಾಗುತ್ತದೆ. ಬೇರೆ ನಿಲ್ದಾಣಕ್ಕೆ ಹೋಗಲು ಬೇಕಾದ ಇಂಧನವನ್ನು ಹೊರಡುವ ಮೊದಲೇ ಲೆಕ್ಕ ಹಾಕಿ ತುಂಬಿಸಿರುತ್ತೇವೆ. ಅದು ಉಳಿದಿರುವಾಗಲೇ ಬೆಂಗಳೂರಿಗೆ ತಿರುಗಿದ ನಿನ್ನ ಕಮಾಂಡರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾರೆ. ಅವರ ಮೇಲೆ ದೂರು ಬರೆದಿದ್ದರೆ ದಯವಿಟ್ಟು ಹಿಂದಕ್ಕೆ ಪಡೆದುಕೋ.

ಇಂತು ನಿನ್ನ,
ಸುರೇಶ